ಅರ್ಧ ನಿಮಿಷ ಕಾಯಿಸುವ ಮಬ್ರೂಕಾ

ಗಾಬೆಸ್ ಊರಿನ ಕಾಲೇಜು ಬೀದಿಯಲ್ಲಿ ಬೆಳಿಗ್ಗೆ ಆರಕ್ಕೆ ಎರಡೇ ಅಂಗಡಿ ತೆರೆದಿರುತ್ತವೆ. ಒಂದರಲ್ಲಿ ಕಡಲೆಕಾಳಿನ ಲಬ್ಲಾಬಿ ಕುದಿಯುತ್ತಿರುತ್ತದೆ. ಇನ್ನೊಂದರಲ್ಲಿ ಐವತ್ತಮೂರು ವರ್ಷದ ಮಬ್ರೂಕಾ ಝ್ರೀಬಿ ಹನ್ನೊಂದು ಮುದಿ ಕಂಪ್ಯೂಟರ್‌ಗಳನ್ನು ಒಂದೊಂದಾಗಿ ವಿಚಾರಿಸಿಕೊಳ್ಳುತ್ತಿರುತ್ತಾರೆ. ತಮ್ಮ ಪೆನ್‌ಡ್ರೈವ್ ಚುಚ್ಚಿ, ಖಾಲಿ ತೆರೆಯ ಮೇಲೆ ಮೌಸ್‌ನ ಬಲಗುಂಡಿ ಒತ್ತುತ್ತಾರೆ. ಪುಟ್ಟ ಮೆನು ಇಳಿಯುತ್ತದೆ: ಪೆನ್‌ಡ್ರೈವ್ ತೆರೆ, ಪೆನ್‌ಡ್ರೈವ್ ಮುಚ್ಚು, ಪ್ರಿಂಟ್ ಕೊಡು. ದೊಡ್ಡದೊಂದು ಫೈಲು ನಕಲು ಮಾಡಿ, ‘ಮುಚ್ಚು’ ಒತ್ತಿ, ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಾರೆ. ‘ಈಗ ಕೀಳಬಹುದು’ ಎಂದು ಬಂದ ಮೇಲೆ ಕಿತ್ತು, ಮತ್ತೆ ಚುಚ್ಚಿ, ಫೈಲು ಪೂರ್ತಿ ಇದೆಯೇ ಎಂದು ನೋಡುತ್ತಾರೆ. ದಿನವೂ ಯಾಕೆ ಇಷ್ಟು ಒದ್ದಾಟ ಎಂದು ಕೇಳಿದವರ ಮೇಲೆ ರೇಗುತ್ತಾರೆ.

“ಮಗೂಗೆ ಹಾಲು ಕೊಡೋಕ್ ಮುಂಚೆ ಬಿಸಿ ಎಷ್ಟಿದೆ ಅಂತ ಕೈಮೇಲೆ ಬಿಟ್ಕೊಂಡು ನೋಡಲ್ವಾ? ಇದೂ ಅಷ್ಟೇ.”

ಕಂಪ್ಯೂಟರಿಗೆ ಒಂದು ಕೆಟ್ಟ ಚಾಳಿ ಇದೆ. ನಕಲಾಯಿತು ಎಂದು ಅದು ತೋರಿಸಿದರೂ ಫೈಲು ಇನ್ನೂ ಪೆನ್‌ಡ್ರೈವಿಗೆ ಪೂರ್ತಿ ಇಳಿದಿರುವುದಿಲ್ಲ, ಯಂತ್ರದ ನೆನಪಿನಲ್ಲೇ ಕೂತಿರುತ್ತದೆ. ಮುಚ್ಚು ಎಂದು ಹೇಳಿದ ಮೇಲೆ ಕೊನೆಯ ಅಕ್ಷರದವರೆಗೆ ಬರೆದು ಮುಗಿಸುತ್ತದೆ. ಮುದಿ ಯಂತ್ರಕ್ಕೆ ಈ ಕೆಲಸಕ್ಕೆ ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷದ ತಾಳ್ಮೆ ಈ ಊರಲ್ಲಿ ಯಾರಿಗೂ ಇಲ್ಲ. ಅದಕ್ಕೇ ಮಬ್ರೂಕಾ ಬಂದವರ ಗುರುತಿನ ಚೀಟಿ ಇಸಿದುಕೊಂಡು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಳ್ಳುತ್ತಾರೆ. ಒಂದು ಕಾಲಕ್ಕೆ ಪೊಲೀಸರ ಭಯಕ್ಕೆ ಇದ್ದ ಪದ್ಧತಿ ಅದು. ಪೊಲೀಸರು ಮರೆತರೂ ಇವರು ಬಿಟ್ಟಿಲ್ಲ. ತೆರೆಯ ಮೇಲೆ ‘ಈಗ ಕೀಳಬಹುದು’ ಬರದೆ ಚೀಟಿ ವಾಪಸ್ಸಿಲ್ಲ.

“ಚಿಕ್ಕಮ್ಮ, ಬಸ್ಸು ಹೊರಟುಹೋಗತ್ತೆ, ಚೀಟಿ ಕೊಡಿ!” ಎಂದು ಒಬ್ಬ ಹುಡುಗ ಕುಣಿಯುತ್ತಾನೆ.

“ಬಸ್ಸು ಇನ್ನೊಂದು ಬರತ್ತೆ ಕಣೋ. ನಿನ್ ಫೈಲು ಬರತ್ತಾ?”

“ನಮ್ಮಮ್ಮ ಕೂಡ ಇಷ್ಟು ಕಾಯ್ಸಲ್ಲ.”

“ಅದಕ್ಕೇ ನೀನ್ ಹಿಂಗಾಗಿರೋದು. ನಿಂತ್ಕೋ.”

ಹತ್ತೊಂಬತ್ತು ವರ್ಷದ ಹಿಂದೆ, ಹೊಲಿಗೆ ಕಾರ್ಖಾನೆ ಮುಚ್ಚಿದಾಗ, ಮಬ್ರೂಕಾ ಈ ಪುಬ್ಲಿನೆಟ್‌ಗೆ, ಅಂದರೆ ಇಂಟರ್ನೆಟ್ ಅಂಗಡಿಗೆ, ಕಸ ಗುಡಿಸಲು ಬಂದವರು. ಓದಿದ್ದು ಒಂಬತ್ತನೇ ಕ್ಲಾಸು. ಮಾಲೀಕ ಬಷೀರರ ಕಣ್ಣು ಮಂಜಾಗಿ ಅವರು ಮನೆ ಹಿಡಿದಾಗ ಬೀಗದ ಕೈ ಇವರಿಗೆ ಬಂತು. ಪೆನ್‌ಡ್ರೈವ್‌ಗಳ ಜೊತೆ ಬಂದ ವೈರಸ್ ಹನ್ನೊಂದೂ ಯಂತ್ರಗಳನ್ನು ಮಲಗಿಸಿತು. ಗಿರಾಕಿಯಾಗಿದ್ದ ಮೇಷ್ಟರೊಬ್ಬರು ಯಂತ್ರಗಳನ್ನು ನಡೆಸಲು ಒಂದು ಹಗುರವಾದ ತಂತ್ರಾಂಶ ವ್ಯವಸ್ಥೆಯನ್ನು ಹಾಕಿಕೊಟ್ಟು ವರ್ಗವಾಗಿ ಹೋದರು. ಅದರಲ್ಲಿ ಬರೀ ಬೋಳು ತೆರೆ. ಮೆನು ಬೇಕಾದರೆ ಒಂದೊಂದು ಸಾಲನ್ನೂ ತಾವೇ ಬರೆದುಕೊಳ್ಳಬೇಕು. ಮಬ್ರೂಕಾ ಫ್ರೆಂಚ್ ಕೈಪಿಡಿ ಪ್ರಿಂಟ್ ತೆಗೆದು, ಶಬ್ದಕೋಶ ಪಕ್ಕಕ್ಕಿಟ್ಟುಕೊಂಡು, ಏಳು ತಿಂಗಳು ಅಕ್ಷರ ಅಕ್ಷರ ಬಿಡಿಸಿ ಬರೆದರು.

“ಒಂದ್ಸಲ ಸಾಲಿನ ಕೊನೇಲಿ ಒಂದೇ ಒಂದು ಗುರುತು ಹಾಕಿ ಮುಚ್ಚೋದು ಮರ್ತೆ. ಇಡೀ ಮೆನು ಮಾಯ! ದಿನವೆಲ್ಲ ಗಿರಾಕಿಗಳು ಬೋಳು ತೆರೆ ನೋಡ್ಕೊಂಡು ಕೂತಿದ್ರು. ಹೊಲಿಗೇಲಿ ಒಂದು ಎಳೆ ಬಿಟ್ರೆ ತೋಳು ಮಾತ್ರ ಬಿಚ್ಕೊಳ್ಳತ್ತೆ. ಇಲ್ಲಿ ಅಂಗಿಯೇ ಇಲ್ಲ.”

ಈಗ ದಿನಕ್ಕೆ ನೂರನಲವತ್ತು ಪೆನ್‌ಡ್ರೈವ್, ಪ್ರಬಂಧ ಸಲ್ಲಿಸುವ ಜೂನ್‌ನಲ್ಲಿ ಇನ್ನೂರು ದಾಟುತ್ತದೆ. ಮೆನು ಬಂದ ಈ ಒಂಬತ್ತು ವರ್ಷದಲ್ಲಿ ಅಂಗಡಿಯಲ್ಲಿ ಹಾಳಾದದ್ದು ಎರಡೇ ಫೈಲು, ಎರಡೂ ಕರೆಂಟು ಹೋದಾಗ.

ಇನ್ನು ಹೊಟ್ಟೆ ಉರಿಯುವ ಕಥೆ. ಎದುರಿನ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದ ಮುಖ್ಯಸ್ಥ ಲಸಾದ್ ಹೋದ ವರ್ಷ ಬಂದು, ಚಹಾ ಕುಡಿದು, ಹೊಗಳಿ, ಈ ಮೆನುವನ್ನು ಒಯ್ದು ತಮ್ಮ ನಲವತ್ತು ಯಂತ್ರಗಳಿಗೆ ಹಾಕಿಸಿಕೊಂಡರು. ಕಡತದ ಮೊದಲ ಸಾಲಿನಲ್ಲಿ ‘ಬರೆದವಳು ಮಬ್ರೂಕಾ’ ಎಂದಿತ್ತು. ಅದನ್ನು ಅಳಿಸಿದರು. ಹೋಗಲಿ, ದೊಡ್ಡವರ ದೊಡ್ಡತನ ಅಷ್ಟೇ ಎಂದು ಮಬ್ರೂಕಾ ಸುಮ್ಮನಾದರು. ಆದರೆ ಫೆಬ್ರುವರಿಯಲ್ಲಿ ವಿದ್ಯಾರ್ಥಿಗಳು ‘ಮುಚ್ಚು ಒತ್ತಿದರೆ ಯಂತ್ರ ನಿಂತುಹೋಗುತ್ತದೆ’ ಎಂದು ಗೊಣಗಿದರು. ಕಾಯಿರಿ ಎಂದು ಎರಡು ಮಾತು ಹೇಳಲು ಈ ಮಹಾನುಭಾವರಿಗೆ ನಾಲಿಗೆ ನೋಯುತ್ತಿತ್ತೇನೋ! ಕಾಯಿಸುವ ಸಾಲನ್ನೇ ಕಿತ್ತರು. ಈಗ ಅಲ್ಲಿ ಒತ್ತಿದ ಕ್ಷಣವೇ ‘ಈಗ ಕೀಳಬಹುದು’ ಎಂದು ಬರುತ್ತದೆ, ಒಂದಕ್ಷರ ಇಳಿಯದಿದ್ದರೂ.

ಕಳೆದ ಸೋಮವಾರ ಸುಂದುಸ್ ಎಂಬ ವಿದ್ಯಾರ್ಥಿನಿ ಅದನ್ನು ನಂಬಿ ಕಿತ್ತಳು. ಓಯಸಿಸ್‌ನ ಬಾವಿನೀರಿನ ಬಗ್ಗೆ ಎಂಬತ್ತೆರಡು ಪುಟದ ಪ್ರಬಂಧ. ಹಳೆಯ ನಕಲಿನ ಮೇಲೇ ಹೊಸದನ್ನು ಹಾಕಿದ್ದಳು; ಈಗ ಪೆನ್‌ಡ್ರೈವಿನಲ್ಲಿ ಫೈಲಿನ ಹೆಸರಿದೆ, ಒಳಗೆ ಸೊನ್ನೆ. ಪ್ರಯೋಗಾಲಯದ ಯಂತ್ರಗಳನ್ನು ದಿನಾ ಸಂಜೆ ಒರೆಸಿ ಖಾಲಿ ಮಾಡುತ್ತಾರೆ, ಅಲ್ಲೂ ಉಳಿದಿಲ್ಲ. ಸಲ್ಲಿಸಬೇಕಾದ್ದು ಬರುವ ಗುರುವಾರ. ಹುಡುಗಿ ಅಳುತ್ತ ಲಸಾದ್ ಬಳಿ ಓಡಿದರೆ, ಮೆನು ಹೊರಗಿನವರದು, ಎದುರಂಗಡಿಯಲ್ಲಿ ಕೇಳು ಎಂದರಂತೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ, ಹಾಗಾಯಿತು.

“ನಿಮ್ ಮೆನು ನಂಬಿ ಹಾಳಾದೆ ಚಿಕ್ಕಮ್ಮ!” ಎಂದು ಸುಂದುಸ್ ಅಂಗಡಿ ತುಂಬಿದ್ದ ಜನರೆದುರು ಕಿರುಚಿದಳು.

ಮಬ್ರೂಕಾ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಹಗಲು ಹತ್ತು ಗಂಟೆಗೆ ಬಾಗಿಲು ಎಳೆದು, ಹುಡುಗಿಯ ಕೈ ಹಿಡಿದು ಪ್ರಯೋಗಾಲಯಕ್ಕೆ ನಡೆದರು.

“ಸಾಹೇಬ್ರೆ, ನಿಮ್ ಪೆನ್‌ಡ್ರೈವ್ ಇದ್ಯಾ? ಚುಚ್ಚಿ.”

ಲಸಾದ್ ನಕ್ಕು ಚುಚ್ಚಿದರು.

“ಅದ್ರಲ್ಲಿ ನಿಮ್ಗೆ ಬೇಕಾಗಿರೋ ಫೈಲಿದ್ಯಾ?”

“ಪರೀಕ್ಷೆ ಅಂಕಗಳೆಲ್ಲ ಇವೆ. ಯಾಕೆ?”

“ಇನ್ನೊಂದು ದೊಡ್ಡ ಫೈಲು ಅದಕ್ಕೆ ಹಾಕಿ. ಹ್ಞಾಂ. ಈಗ ಮುಚ್ಚು ಒತ್ತಿ.”

ಒತ್ತಿದರು. ತಕ್ಷಣ ‘ಈಗ ಕೀಳಬಹುದು’ ಎಂದು ಬಂತು. ಪೆನ್‌ಡ್ರೈವಿನ ದೀಪ ಇನ್ನೂ ಪಟಪಟ ಮಿನುಗುತ್ತಿತ್ತು.

“ಕೀಳಿ, ಸಾಹೇಬ್ರೆ.”

ಅವರ ಕೈ ಮುಂದೆ ಹೋಗಿ ನಿಂತಿತು.

“ಯಾಕೆ? ನಿಮ್ ಯಂತ್ರವೇ ಹೇಳ್ತಿದೆಯಲ್ಲ, ಕೀಳಿ!”

ಕೀಳಲಿಲ್ಲ. ತಮ್ಮದಾದರೆ ಗೊತ್ತಾಗುತ್ತದೆ! ಸುತ್ತ ನಿಂತ ವಿದ್ಯಾರ್ಥಿಗಳ ಮುಂದೆ ಕೆಮ್ಮಿ, ಒಂದು ಅರ್ಜಿ ಬರೆದುಕೊಡಿ, ಸಮಿತಿಯ ಮುಂದಿಡುತ್ತೇನೆ ಎಂದರು. ಸಮಿತಿ ಸೇರುವುದು ತಿಂಗಳ ಕೊನೆಗೆ. ಅಷ್ಟರಲ್ಲಿ ಅದೇ ಯಂತ್ರಗಳಲ್ಲಿ ಇನ್ನೂ ಅರವತ್ತು ಪ್ರಬಂಧಗಳು ನಕಲಾಗಬೇಕು. ಇದನ್ನು ಬೇಜವಾಬ್ದಾರಿ ಎಂದರೆ ಆ ಪದಕ್ಕೇ ಅವಮಾನ.

ಹೊರಡುವಾಗ ಲಸಾದ್ ದನಿ ಇಳಿಸಿ ಹೇಳಿದರಂತೆ: “ಬೇಜಾರು ಮಾಡ್ಕೋಬೇಡಿ ಮಬ್ರೂಕಾ. ಬೇಕಿದ್ರೆ ಮೆನು ಕೆಳಗೆ ನಿಮ್ ಹೆಸರು ಹಾಕಿಸ್ತೀನಿ.”

ಈಗ ಸುಂದುಸ್ ಅಂಗಡಿಯ ನಾಲ್ಕನೇ ಯಂತ್ರದಲ್ಲಿ ಕೂತು ಕೈಬರಹದ ಟಿಪ್ಪಣಿಗಳಿಂದ ಮತ್ತೆ ಟೈಪು ಮಾಡುತ್ತಿದ್ದಾಳೆ. ಮೂವತ್ತೊಂದನೇ ಪುಟ. ಮಧ್ಯೆ ಮಧ್ಯೆ ಮಬ್ರೂಕಾ ಬಂದು ಉಳಿಸಿದೆಯಾ ಎಂದು ಗದರಿ, ರೊಟ್ಟಿಗೆ ಹರೀಸಾ ಎಂಬ ಮೆಣಸಿನ ಖಾರ ಸವರಿ ಕೊಟ್ಟು ಹೋಗುತ್ತಾರೆ. ಹೆಸರು ಹಾಕಿಸುತ್ತೇನೆ ಎಂದಾಗ ಏನು ಹೇಳಿದಿರಿ ಎಂದು ಕೇಳಿದರೆ, ಕೈಯಲ್ಲಿದ್ದ ಬಟ್ಟೆಯನ್ನು ಮೇಜಿಗೆ ಬಡಿಯುತ್ತಾರೆ.

“ಅವರ ನಲವತ್ತು ಯಂತ್ರನೂ ಮಕ್ಕಳಿಗೆ ಸುಳ್ಳು ಹೇಳ್ತಿವೆ. ಆ ಸುಳ್ಳಿನ ಕೆಳಗೆ ನನ್ ಹೆಸರಾ? ಇವತ್ತೇ ಆ ಕಾಯಿಸೋ ಸಾಲು ವಾಪಸ್ ಹಾಕಿ, ಅಂದೆ. ಹಾಕಿದ್ಮೇಲೆ ಕೆಳಗೆ ನಿಮ್ಮ ಹೆಸರೇ ಬರ್ಕೊಳ್ಳಿ, ಅಂದೆ.”