ವಾಲ್ಪಾರೈ ದಾರಿ, ಮಗ್ಗದ ಎಣ್ಣೆ

ದೀಪಾವಳಿ ಕಳೆದ ಮರುವಾರ ಬೆಳಿಗ್ಗೆ ಆರಕ್ಕೆ ಅಣ್ಣ ಮಲ್ಲೇಶನೂ ನಾನೂ ಅವಿನಾಶಿಯಿಂದ ಹೊರಟೆವು. ಮೋಡ ಕವಿದಿತ್ತು. ಕೊಯಮತ್ತೂರಿಗೆ ನಲವತ್ತು ಕಿಲೋಮೀಟರ್. ಅಷ್ಟು ದೂರಕ್ಕೆ ಅಣ್ಣ ಒಂದೂವರೆ ಗಂಟೆ ತೆಗೆದುಕೊಂಡ. ಕಾರಿನಲ್ಲಿ ವೇಗ ಇರಲಿಲ್ಲ ಎಂದಲ್ಲ. ಅಣ್ಣ ಕೊಂಡಿದ್ದ ಆ ಹಳೆಯ ಫಿಯಟ್ಟನ್ನು ಹಿಂದೆ ಮಿಲ್ಲಿನ ಮಾಲೀಕರೊಬ್ಬರ ಮಗ ರೇಸಿಗೆಂದು ಮಾಡಿಸಿದ್ದ. ಎರಡು ಕಾರ್ಬ್ಯುರೇಟರ್, ಕಾಲಿಟ್ಟರೆ ಹಾರುತ್ತಿತ್ತು. ಆದರೆ ಬ್ರೇಕು ಹಳೆಯ ಡ್ರಮ್ಮಿನದು, ಸ್ಪ್ರಿಂಗುಗಳು ಸೋತುಹೋಗಿದ್ದವು. ತಿರುವು ಬಂದರೆ ಹುಲ್ಲಿನ ಗಾಡಿಯ ಹಾಗೆ ವಾಲುತ್ತಿತ್ತು.

ಬ್ರೇಕು ಸರಿಯಾದ ಮೇಲೆ ಮೊದಲು ವಾಲ್ಪಾರೈ ಘಾಟಿ ಹತ್ತಬೇಕೆಂದು ಅಣ್ಣ ಎರಡು ವರ್ಷದಿಂದ ಹೇಳುತ್ತಿದ್ದ. ನಮ್ಮದು ನೇಯುವ ಮನೆ, ಮನೆಮಾತು ಕನ್ನಡ. ಎಂಟು ಪವರ್‌ಲೂಮುಗಳನ್ನು ನಡೆಸುವವನು ಅವನು. ಎಣ್ಣೆ ಬಿಟ್ಟು, ತುಂಡಾದ ನೂಲು ಗಂಟು ಹಾಕುವವನು ನಾನು. ಐದನೇ ಕ್ಲಾಸಿಗೆ ತಮಿಳು ಶಾಲೆ ಬಿಟ್ಟೆ. ಕನ್ನಡ ಅಕ್ಷರವನ್ನು ತಾತ ನನಗೊಬ್ಬನಿಗೇ ಕಲಿಸಿದ್ದರು. ಅಣ್ಣನಿಗೆ ಅದು ಬಾರದು.

ಕೊಯಮತ್ತೂರಿನಲ್ಲಿ ಆರುಮುಗಂ ಮೇಸ್ತ್ರಿಯ ವರ್ಕ್‌ಶಾಪಿನಲ್ಲಿ ಎರಡು ದಿನ ಕೆಲಸ ನಡೆಯಿತು. ಗುಜರಿಗೆ ಬಂದಿದ್ದ ಯಾವುದೋ ಫಾರಿನ್ ಕಾರಿನ ಡಿಸ್ಕ್ ಬ್ರೇಕುಗಳನ್ನು ಲೇತಿನಲ್ಲಿ ಅಳತೆಗೆ ತಂದು ಮುಂದಿನ ಚಕ್ರಗಳಿಗೆ ಕೂರಿಸಿದರು. ಮುಂದಕ್ಕೆ ಗಟ್ಟಿ ಸ್ಪ್ರಿಂಗ್, ಹಿಂದಿನ ಸ್ಪ್ರಿಂಗ್ ಪಟ್ಟಿಗೆ ಇನ್ನೊಂದು ಪಟ್ಟಿ, ನಾಲ್ಕೂ ಕಡೆ ಹೊಸ ಶಾಕ್ ಅಬ್ಸಾರ್ಬರ್. ನಾನು ಪೆಡಲ್ ತುಳಿಯುತ್ತಿದ್ದೆ. ಮೇಸ್ತ್ರಿ ಕೆಳಗೆ ಮಲಗಿ ಪೈಪಿನೊಳಗಿನ ಗಾಳಿ ತೆಗೆಯುತ್ತಿದ್ದರು.

"ಮೆಲ್ಲಗೆ ತುಳೀಯಪ್ಪಾ," ಎಂದು ಅವರು ತಮಿಳಿನಲ್ಲಿ ಕೂಗಿದರು. "ಮಗ್ಗ ನಿಂತ್ರೆ ನೂಲು ತುಂಡಾಗುತ್ತೆ. ಇದು ನಿಲ್ಲದಿದ್ರೆ ನೀವಿಬ್ಬರೂ ತುಂಡಾಗ್ತೀರಿ!"

ಎಲ್ಲರೂ ನಕ್ಕೆವು. ಹೊರಡುವಾಗ ಮೇಸ್ತ್ರಿ ಬ್ರೇಕ್ ಆಯಿಲಿನ ಸಣ್ಣ ಟಿನ್ನೊಂದನ್ನು ನನ್ನ ಕೈಗೆ ಕೊಟ್ಟರು. "ಹೊಸ ಕೆಲಸ, ಸ್ವಲ್ಪ ಇಳಿಯಬಹುದು. ನಾಳೆ ನೋಡಿ ತುಂಬು. ಇದೇ ಹಾಕಬೇಕು, ತಂಬಿ. ಬೇರೆ ಬೇಡ."

ಟಿನ್ನನ್ನು ಅವರ ಬೆಂಚಿನ ಮೇಲಿಟ್ಟು ಕೈ ತೊಳೆಯಲು ಹೋದೆ. ಅದು ಅಲ್ಲೇ ಉಳಿಯಿತು. ದಾರಿಯಲ್ಲಿ ಮನೆಯ ಮಗ್ಗಗಳಿಗೆಂದು ಒಂದು ಡಬ್ಬಿ ಎಣ್ಣೆ ಕೊಂಡು ಚೀಲಕ್ಕೆ ಹಾಕಿಕೊಂಡೆ.

ಪೊಳ್ಳಾಚಿಗೆ ಮತ್ತೆ ನಲವತ್ತು ಕಿಲೋಮೀಟರ್. ಆ ಸಂಜೆ ಕಾರು ರಸ್ತೆಗೆ ಅಂಟಿಕೊಂಡಂತೆ ಓಡಿತು. ಅಣ್ಣ ಬೇಕೆಂದೇ ಬ್ರೇಕು ಒತ್ತುವನು, ಕಾರು ನೆಟ್ಟಗೆ ನಿಲ್ಲುವುದು. ಚಿಕ್ಕ ಹುಡುಗನಂತೆ ನಗುತ್ತಿದ್ದ. ಪೊಳ್ಳಾಚಿಯ ಸೋದರಮಾವನ ಮನೆಯಲ್ಲಿ ಉಂಡು ಮಲಗಿದೆವು. ಬೆಳಿಗ್ಗೆ ಇಡ್ಲಿ ತಿನ್ನುತ್ತಲೇ ಅಣ್ಣ ಕೂಗಿದ: "ಲೇ ಲಿಂಗಾ, ಬ್ರೇಕ್ ಆಯಿಲ್ ನೋಡ್ರಾ."

ಅರ್ಧ ಬೆರಳು ಇಳಿದಿತ್ತು. ಟಿನ್ನಿಗಾಗಿ ಚೀಲಕ್ಕೆ ಕೈ ಹಾಕಿದಾಗಲೇ ಅದು ಬೆಂಚಿನ ಮೇಲಿದೆ ಎಂದು ನೆನಪಾದದ್ದು. ಮರೆತೆ ಎಂದಿದ್ದರೆ ಮಾವನ ಮನೆಯವರ ಮುಂದೆ ನಾಲ್ಕು ಬೈಗುಳ, ಹೊಸ ಟಿನ್ನಿಗಾಗಿ ಬಸ್ ಸ್ಟ್ಯಾಂಡಿನ ಅಂಗಡಿಯವರೆಗೆ ಒಂದು ನಡಿಗೆ, ಅಷ್ಟೇ. ಕೈಗೆ ಮಗ್ಗದ ಎಣ್ಣೆ ಸಿಕ್ಕಿತು. ಅದೂ ತಿಳಿಯಾಗಿತ್ತು, ತೆಳ್ಳಗಿತ್ತು. ಹುಟ್ಟಿದಾಗಿನಿಂದ, ಕಿರುಗುಟ್ಟುವ ಪ್ರತಿಯೊಂದಕ್ಕೂ ನಾವು ಬಿಟ್ಟದ್ದು ಅದನ್ನೇ. ಸುರಿದು ಮುಚ್ಚಳ ತಿರುಗಿಸಿದೆ. ಆ ಎಣ್ಣೆ ತಾಗಿದರೆ ಬ್ರೇಕಿನೊಳಗಿನ ರಬ್ಬರು ಊದುತ್ತದೆ, ಒತ್ತಿದ ಬ್ರೇಕು ಬಿಡುವುದಿಲ್ಲ, ಕಾದು ಕಾದು ಕೊನೆಗೆ ಹಿಡಿಯುವುದೂ ಇಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಆಳಿಯಾರ್ ಅಣೆಕಟ್ಟು ದಾಟಿದ ಮೇಲೆ ಘಾಟಿ ಶುರುವಾಗುತ್ತದೆ. ನಲವತ್ತು ತಿರುವು, ಪ್ರತಿಯೊಂದಕ್ಕೂ ನಂಬರಿನ ಕಲ್ಲು. ಜಿನುಗು ಮಳೆ ಹಿಡಿದಿತ್ತು. ಇಪ್ಪತ್ತು ದಾಟುವಷ್ಟರಲ್ಲಿ ಕಾರು ಭಾರವಾಯಿತು. ಸುಟ್ಟ ವಾಸನೆ ಬಂತು. ಅಣ್ಣ ನಿಲ್ಲಿಸಿ, ಇಳಿದು ಮುಂದಿನ ಚಕ್ರಕ್ಕೆ ಕೈ ಇಟ್ಟು ಸಟ್ಟನೆ ತೆಗೆದ.

"ವಂಡಿ ಎಳೀತಾ ಇಲ್ಲ ಕಣ್ರಾ. ಆಯಿಲ್ ಹಾಕಿದ್ಯಾ?"

"ಹಾಕಿದೆ."

"ಮೇಸ್ತ್ರಿ ಕೊಟ್ಟಿದ್ದೇ ತಾನೆ?"

"ಊಂ."

ಆ ಒಂದು "ಊಂ" ಹೇಳಲು ನನಗೆ ಕ್ಷಣವೂ ಬೇಕಾಗಲಿಲ್ಲ. ಎಣ್ಣೆ ಹಾಕಿದ್ದು ಅಜ್ಞಾನ ಎನ್ನಬಹುದು. ಈ ಊಂ ಮಾತ್ರ ಬೇಕೆಂದೇ ಹೇಳಿದ ಸುಳ್ಳು.

"ಹೊಸದು ಅಲ್ವಾ, ಪಳಗಬೇಕು," ಎಂದ ಅಣ್ಣ. ನನ್ನ ಮುಖ ನೋಡಿ ನಕ್ಕ. "ಯಾಕ್ರಾ ಹಿಂಗಾದೆ? ತಿರುವು ನೋಡಿ ಹೆದರಿದ್ಯಾ?"

ವಾಲ್ಪಾರೈ ಸೇರಿದಾಗ ಹನ್ನೊಂದೂವರೆ. ಮಂಜಿನಲ್ಲಿ ಟೀ ತೋಟಗಳು ಕಾಣಲೇ ಇಲ್ಲ. ಒಂದು ಮೆಸ್ಸಿನಲ್ಲಿ ಅನ್ನ, ಹುರುಳಿ ರಸ. ಅತ್ತಿಗೆಗೆಂದು ಅಣ್ಣ ಕಾಲು ಕಿಲೋ ಟೀಪುಡಿ ಕೊಂಡ. ಅಷ್ಟರಲ್ಲಿ ಚಕ್ರ ತಣ್ಣಗಾಗಿತ್ತು, ಬ್ರೇಕು ಹಿಡಿಯುತ್ತಿತ್ತು. ಇನ್ನು ಹೇಳುವುದೇಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಇಳಿಯುವಾಗ ಹದಿನೈದನೆಯ ತಿರುವಿನವರೆಗೆ ಎಲ್ಲ ಸರಿಯಿತ್ತು. ಮತ್ತೆ ಅದೇ ವಾಸನೆ. ಹದಿಮೂರರ ಹತ್ತಿರ ಅಣ್ಣನ ಕಾಲು ಪೆಡಲಿನೊಂದಿಗೆ ನೆಲದವರೆಗೆ ಹೋದದ್ದನ್ನು ನೋಡಿದೆ. ಅವನು ಗೇರ್ ಇಳಿಸಿದ, ಹ್ಯಾಂಡ್‌ಬ್ರೇಕ್ ಎಳೆದ. ಎಡಕ್ಕೆ, ನನ್ನ ಕಡೆ, ಕಣಿವೆ. ಬಲಕ್ಕೆ ಬಂಡೆ. ಅಣ್ಣ ಸ್ಟಿಯರಿಂಗನ್ನು ಬಲಕ್ಕೆ, ತನ್ನ ಕಡೆಗೇ ತಿರುಗಿಸಿದ.

ನನಗೆ ಹಣೆಯ ಮೇಲೆ ಒಂದು ಗೀರು. ಅಣ್ಣನ ಬಲಗಾಲನ್ನು ಪೊಳ್ಳಾಚಿಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು.

ನಾಲ್ಕನೆಯ ದಿನ ಆರುಮುಗಂ ಮೇಸ್ತ್ರಿ ಬಸ್ಸಿನಲ್ಲಿ ಬಂದರು. ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ. ವರಾಂಡದಲ್ಲಿ ಮೇಸ್ತ್ರಿ ಚೀಲದಿಂದ ಆ ಟಿನ್ನನ್ನು ತೆಗೆದರು.

"ಇದನ್ನ ನೀನು ಮರೆತು ಹೋಗಿದ್ದೆ, ತಂಬಿ. ದಾರಿಯಲ್ಲಿ ಇನ್ನೊಂದು ತಗೋತೀಯ ಅಂತ ನಾನು ಸುಮ್ಮನಿದ್ದೆ. ಎಲ್ಲಿ ತಗೊಂಡೆ?"

"ಪೊಳ್ಳಾಚಿ ಬಸ್ ಸ್ಟ್ಯಾಂಡ್ ಹತ್ರ."

"ಬ್ರೇಕ್ ಆಯಿಲ್ ತಾನೆ?"

"ಹೌದು."

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಹಾಗಾದ್ರೆ ಈ ಕೈಯೇ ಎಲ್ಲೋ ತಪ್ಪಿದೆ," ಎಂದರು. ಟಿನ್ನನ್ನು ನನ್ನ ಬಳಿಯೇ ಬಿಟ್ಟು ಹೋದರು.

ಇಪ್ಪತ್ತೆರಡು ದಿನದ ಮೇಲೆ ಬಾಡಿಗೆ ಕಾರಿನಲ್ಲಿ ಮನೆಗೆ ಹೊರಟೆವು. ಕೊಯಮತ್ತೂರಿನಲ್ಲಿ ದಾರಿ ಆ ವರ್ಕ್‌ಶಾಪಿನ ಮುಂದೆಯೇ ಹಾಯುತ್ತದೆ. ಬಾಗಿಲ ಮೇಲಿನ ಬೋರ್ಡಿನಲ್ಲಿ 'ಬ್ರೇಕ್' ಎಂದಿದ್ದ ಜಾಗಕ್ಕೆ ಸುಣ್ಣ ಬಳಿದಿದ್ದರು. ಮೇಸ್ತ್ರಿ ನಮ್ಮನ್ನು ಕಂಡು ಕೈ ಒರೆಸಿಕೊಳ್ಳುತ್ತ ರಸ್ತೆಗೆ ಬಂದರು. "ನಿಲ್ಲಿಸ್ಬೇಡ," ಎಂದ ಅಣ್ಣ. ನಾನು ಹಿಂದಿನ ಗಾಜಿನಲ್ಲಿ ನೋಡುತ್ತಲೇ ಇದ್ದೆ. ಬಸ್ಸೊಂದು ಅಡ್ಡ ಬರುವವರೆಗೂ ಅವರು ಹಾಗೆಯೇ ನಿಂತಿದ್ದರು.

ನಾನು ಇದನ್ನು ಬರೆಯುತ್ತಿದ್ದಾಗ ಅಣ್ಣ ಊರುಗೋಲಿನಲ್ಲಿ ಬಂದು ಪಕ್ಕದಲ್ಲಿ ಕುಳಿತ. ಕಾಗದದ ಮೇಲಿನ ತನಗೆ ಬಾರದ ಅಕ್ಷರಗಳನ್ನು ನೋಡಿದ. "ಏನ್ರಾ ಅದು?"

"ವಾಲ್ಪಾರೈಗೆ ಹೋಗಿದ್ದು ಬರೀತಿದೀನಿ."

"ಆ ಮೇಸ್ತ್ರಿ ಹೆಸರು ಬಿಡ್ಬೇಡ," ಎಂದ. "ಬರಿ."

ಬರೆದಿದ್ದೇನೆ.