ಮಸ್ಕಿ ದಾಟಿದರೆ ಲಿಂಗಸುಗೂರು

ಸಿಂಧನೂರಿನ ಮೊಬೈಲ್ ಅಂಗಡಿಯೊಂದಕ್ಕೆ ಚಾರ್ಜರ್ ಕೊಳ್ಳಲು ಹೋಗಿದ್ದೆ. ಅಲ್ಲಿನ ದೊಡ್ಡ ಪರದೆಯ ಮೇಲೆ ಹೊಸ ಯುದ್ಧದಾಟವೊಂದರ ಜಾಹೀರಾತು ಓಡುತ್ತಿತ್ತು. ಬಂದೂಕು ಹಿಡಿದವನ ಹಣೆಯ ಬೆವರು, ಬೂಟಿಗೆ ಮೆತ್ತಿದ ಕೆಸರು, ಏದುಸಿರು, ಯಾವುದಕ್ಕೂ ಕೊರತೆಯಿಲ್ಲ. "ಒಮ್ಮೆ ಒಳಗ ಹೊಕ್ಕರ ಖರೇ ಯುದ್ಧದಾಗ ಅದೀನಿ ಅನಸ್ತೈತ್ರಿ ಸರ" ಎಂದ ಅಂಗಡಿಯವ. ನನಗೆ ಗೆಳೆಯ ಖಾಜಾನ ಮನೆಯ ಪಡಸಾಲೆ ನೆನಪಾಯಿತು, ಅವನ ತಾಯಿ ನೆನಪಾದರು. ಹೋದ ವಾರ ಅವರು ಎದೆನೋವು ಬಂದು ದವಾಖಾನೆ ಸೇರಿದ್ದರು. ಈಗ ಮನೆಗೆ ಬಂದಿದ್ದರೂ ನನ್ನ ಅಂಜಿಕೆ ಹೋಗಿರಲಿಲ್ಲ. ಏನು ಕಂಡರೂ ಅವರೇ ನೆನಪಾಗುತ್ತಿದ್ದರು.

ಖಾಜಾ ಟೇಲರ್. ಕೆಲವು ವರ್ಷಗಳ ಹಿಂದೆ ನಾವಿಬ್ಬರೂ ಕೆಲಸ ಮುಗಿಸಿ ದಿನಾ ಸಂಜೆ ಆ ಪಡಸಾಲೆಯಲ್ಲಿ ಮೊಬೈಲ್ ಹಿಡಿದು ಯುದ್ಧಕ್ಕೆ ಕೂರುತ್ತಿದ್ದೆವು. ಕೂರುತ್ತಿದ್ದವನು ನಾನು, ಖಾಜಾ ಮಲಗುತ್ತಿದ್ದ. ಆಟದಲ್ಲಿ ಅವನ ಸಿಪಾಯಿ ತೆವಳಿದರೆ ಇವನೂ ಚಾಪೆಯ ಮೇಲೆ ಬೋರಲು ಬೀಳಬೇಕು. ನಾನು ಫ್ಯಾನ್ ಹಾಕಿದರೆ, "ಜಂಗಿನ್ಯಾಗ ನಿಮ್ಮಪ್ಪ ಫ್ಯಾನ್ ಹಾಕಿಟ್ಟಿರ್ತಾನೇನಲೇ" ಎಂದು ಬಂದ್ ಮಾಡುತ್ತಿದ್ದ. ಒಂದು ಸಂಜೆ ಆಟದೊಳಗೆ ಮೋಡ ಕವಿಯಿತು. "ಲೇ, ಮಳಿ ಬಂತು" ಎಂದು ಇವನು ಕೂಗಿದ್ದೇ ತಡ, ಅವನ ತಾಯಿ ಮಾಳಿಗೆಗೆ ಓಡಿ, ಒಣಹಾಕಿದ್ದ ಮೆಣಸಿನಕಾಯಿಯನ್ನೆಲ್ಲ ಬಾಚಿಕೊಂಡು ಇಳಿದರು. ಹೊರಗೆ ಬಿಸಿಲು ಇನ್ನೂ ಸುಡುತ್ತಿತ್ತು. ನೀವು ನಮ್ಮೂರಿನ ಬಿಸಿಲು ಕಂಡವರಾದರೆ ಆ ತಾಯಿಯ ಮುಖವನ್ನೂ ಊಹಿಸಿಕೊಳ್ಳಬಲ್ಲಿರಿ.

ಅವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ನಮ್ಮ ಬಂದೂಕು, ಬಾಂಬು ಯಾವುದಕ್ಕೂ ಖಾಲಾ ಅವರ ತಕರಾರಿರಲಿಲ್ಲ. ತಕರಾರು ಇದ್ದದ್ದು ಒಂದೇ ಒಂದು ಮಾತಿನ ಮೇಲೆ. ಗುಂಡು ತಗಲಿದ ಕೂಡಲೇ ನಾವು "ಸತ್ತೆ" ಎನ್ನುತ್ತಿದ್ದೆವಲ್ಲ, ಅದು.

"ಮಗ್ರಿಬ್ ನಮಾಜಿನ ಹೊತ್ತಿನಾಗ ಇಂಥ ಮಾತು ಬಾಯಾಗ ತರ್ತಾರೇನು ಬೇಟಾ? ಮ್ಯಾಲ ಫರಿಶ್ತೆ ಹೊಂಟಿರ್ತಾರ. ಆಮೀನ್ ಅಂದುಬಿಟ್ರ?"

ನಮ್ಮ ಮನೆಯಲ್ಲೂ ದೀಪ ಹಚ್ಚುವ ಹೊತ್ತಿಗೆ ಕೆಟ್ಟದ್ದು ಆಡಿದರೆ ಅಸ್ತು ದೇವತೆಗಳು ಅಸ್ತು ಎಂದುಬಿಡುತ್ತಾರೆಂದು ಅವ್ವ ಗದರುತ್ತಿದ್ದಳು. ಇಲಾಖೆ ಒಂದೇ, ಸಿಬ್ಬಂದಿ ಬೇರೆ ಎಂದುಕೊಂಡೆ. ಅದರ ಬದಲು "ಮಲಗಿದೆ" ಎಂದು ನೋಡಿದೆವು, ಅದೂ ಬೇಡವೆಂದರು. "ಹೋದೆ" ಎಂದೆವು.

"ಬರೇ ಹೋದೆ ಅನಬ್ಯಾಡ್ರಿ. ಯಾವ ಊರಿಗೆ ಅಂತ ಹೇಳ್ರಿ" ಎಂದರು ಖಾಲಾ. ಅದೇ ಗಳಿಗೆಗೆ ಗುಂಡು ತಿಂದ ಖಾಜಾ ಬಾಯಿಗೆ ಬಂದದ್ದನ್ನು ಕೂಗಿದ: "ಮಸ್ಕಿಗೆ ಹೋದೆ."

ಹಾಗೆ ಹುಟ್ಟಿತು ನಮ್ಮ ಯುದ್ಧಭಾಷೆ. ಆ ಆಟದಲ್ಲಿ ಗುಂಡು ತಗಲಿದವನು ಮೊದಲು ಮೊಣಕಾಲೂರಿ ಬೀಳುತ್ತಾನೆ. ಜೊತೆಯವನು ಬಂದು ಉಪಚರಿಸಿದರೆ ಏಳುತ್ತಾನೆ. ಅದು ಮಸ್ಕಿ. ಯಾರೂ ಬರದಿದ್ದರೆ ಪೂರ್ತಿ ಮುಗಿಯುತ್ತಾನೆ. ಅದು ಲಿಂಗಸುಗೂರು. ನಮ್ಮ ಸಿಂಧನೂರಿನಿಂದ ಲಿಂಗಸುಗೂರಿನ ರಸ್ತೆ ಹಿಡಿದರೆ ಮೊದಲು ಸಿಗುವುದು ಮಸ್ಕಿ, ಬೈಕಿನಲ್ಲಿ ಹೋಗಿ ಕರೆತರಬಹುದಾದಷ್ಟು ದೂರ. ಅದನ್ನೂ ದಾಟಿ ಹೋದವನು ಆ ಹೊತ್ತಿಗಂತೂ ಕೈಗೆ ಸಿಗುವುದಿಲ್ಲ. ಲಿಂಗಸುಗೂರಿನ ಓದುಗರು ಮನ್ನಿಸಬೇಕು. ಬಸ್ಸಿನ ದಾರಿ ನಾವು ಮಾಡಿದ್ದಲ್ಲ.

"ಲೇ, ಮಸ್ಕಿಯಾಗ ಬಿದ್ದೀನಿ, ಲಗೂನ ಬಾ."

"ತಡಿ, ಇವನ್ನ ಲಿಂಗಸುಗೂರಿಗೆ ಕಳಿಸಿ ಬರ್ತೀನಿ."

ನಮ್ಮ ತಂಡಕ್ಕೆ ಬಂದು ಸೇರಿದ ಯಾರೋ ಅಪರಿಚಿತ, ಪಾಪ, ಆಟದ ನಕ್ಷೆಯ ತುಂಬ ಮಸ್ಕಿ ಹುಡುಕುತ್ತ ಹುಡುಕುತ್ತಲೇ ಲಿಂಗಸುಗೂರು ಸೇರಿದ. ಎಲ್ಲರಿಗಿಂತ ಬೇಗ ಈ ಭಾಷೆ ಕಲಿತವರು ಖಾಲಾ. "ಇಬ್ರೂ ಲಿಂಗಸುಗೂರು ಮುಟ್ಟಿದ್ರೇನು? ಚಾ ಸೋಸ್ತೀನಿ" ಎಂದು ಒಳಗಿನಿಂದ ಕೇಳುತ್ತಿದ್ದರು. ಚಾ ಬಂದಿತೆಂದರೆ ಖಾಜಾ ಎದ್ದು ಕೂತು, ಜಂಗು ಮರೆತು, ತಾನೇ ಫ್ಯಾನ್ ಹಾಕುತ್ತಿದ್ದ.

ಇದನ್ನೆಲ್ಲ ನೆನೆದು ಒಬ್ಬನೇ ನಗುತ್ತ ಅಂಗಡಿಯ ಹೊರಗೆ ಬಂದು ಖಾಜಾನಿಗೆ ಫೋನು ಮಾಡಿದೆ. ಅತ್ತ ಹೊಲಿಗೆ ಯಂತ್ರ ಓಡುವ ಸದ್ದು ಕೇಳುತ್ತಿತ್ತು.

"ಖಾಲಾ ಹ್ಯಾಂಗದಾರಲೇ?"

"ಅಮ್ಮಿ ಲಿಂಗಸುಗೂರಿಗೆ ಹೋಗ್ಯಾಳ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದೆ. ಯಾವ ಆಟದ ಯಾವ ಬಾಂಬಿಗೂ ಅಲುಗದವನು ನಾನು. ನನ್ನನ್ನು ಕೆಡವಲು ಒಂದು ತಾಲ್ಲೂಕಿನ ಹೆಸರು ಸಾಕಾಯಿತು. ಹೊಲಿಗೆ ಯಂತ್ರದ ಸದ್ದು ಕಿವಿಗೆ ಬೀಳುತ್ತಲೇ ಇತ್ತು, ತಲೆಗೆ ಹತ್ತಲಿಲ್ಲ. "ಯಾವಾಗ?" ಎನ್ನುವಷ್ಟರಲ್ಲಿ ಅಳು ಬಂದುಬಿಟ್ಟಿತ್ತು.

"ಮುಂಜಾನಿ ಬಸ್ಸಿಗೆ. ಅಕ್ಕ ಬಂದು ತನ್ನ ಮನಿಗೆ ಕರ್ಕೊಂಡು ಹೋದ್ಲು. ಇಲ್ಲಿದ್ರ ಒಂದು ಕಡಿ ಕುಂದ್ರಂಗಿಲ್ಲ ಆಕಿ." ಯಂತ್ರ ನಿಂತಿತು. "ಲೇ, ನೀ ಅಳಾಕತ್ತೀಯೇನು?"

ನಾನು ಫೋನು ಇಟ್ಟುಬಿಟ್ಟೆ. ಅಂಗಡಿಯವ ಬಾಗಿಲಿಗೆ ಬಂದು ನೀರಿನ ಬಾಟಲಿ ಕೊಟ್ಟು ಒಳಗೆ ಹೋದ. ಬಾಟಲಿ ಖಾಲಿಯಾಗುವಷ್ಟರಲ್ಲಿ ಮತ್ತೆ ಫೋನು ಬಂತು. ಈ ಸಲ ಖಾಲಾ. ಮಗ ಎಲ್ಲವನ್ನೂ ಒದರಿದ್ದ. ಅವರು ಮೊದಲು ಚೆನ್ನಾಗಿ ನಕ್ಕರು. ಆ ನಗೆ ಕೇಳಿ ನನಗೆ ಮತ್ತೊಮ್ಮೆ ಅಳು ಬಂತು, ಈ ಸಲ ತಡೆಯಲಿಲ್ಲ. ಅವರು ನಗು ನಿಲ್ಲಿಸಿದರು.

"ಅಳಬ್ಯಾಡ ಬೇಟಾ. ಐತವಾರ ನೀನ ಬಾ, ನನ್ನ ಕರ್ಕೊಂಡು ಹೋಗಾಕ. ಲಿಂಗಸುಗೂರಿಗೆ ಹೋದವ್ರು ಹೊಳ್ಳಿ ಬರಂಗಿಲ್ಲ ಅಂತ ಕಾನೂನು ಮಾಡಿದವ್ರು ನೀವ. ನೀವ ಮುರೀರಿ."