ಪರದೆಯಕ್ಕನ ಸದ್ದಿಲ್ಲದ ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಬಟ್ಟೆ ಗಿರಣಿಯ ನೇಯ್ಗೆ ಶೆಡ್ಡಿನ ಬೀಗ ತೆಗೆದು ಒಳಗೆ ಬರುವ ಆಕೆ ಮೊದಲು ಕೈ ಹಾಕುವುದು ಪರದೆಯ ಹಗ್ಗಕ್ಕೆ. ಕೆಂಪು ಪರದೆಯನ್ನು ಪೂರ್ತಿ ಮೇಲೆಳೆದು, ಇಳಿಸಿ, ರಾಟೆ ಎಲ್ಲಾದರೂ ಕಚ್ಚಿಕೊಳ್ಳುತ್ತಿದೆಯೇ ಎಂದು ನೋಡುತ್ತಾರೆ. ಆಮೇಲೆ ಪೊರಕೆ. ಮಗ್ಗಗಳನ್ನು ಕಿತ್ತ ಜಾಗದಲ್ಲಿ ಈಗ ರಂಗಮಂದಿರವಿದೆ, ಪಕ್ಕದ ಗೋದಾಮಿನಲ್ಲಿ ಚಿತ್ರಶಾಲೆ. ನಟರೆಲ್ಲ ಇವರನ್ನು ಕರೆಯುವುದು ‘ಪರದೆಯಕ್ಕ’ ಎಂದೇ.

ಪರದೆಯಕ್ಕ ಮದುವೆಯಾದ ವರ್ಷವೇ ಇದೇ ಶೆಡ್ಡಿನಲ್ಲಿ ಮಗ್ಗದ ಮುಂದೆ ನಿಂತವರು. ಗಂಡ ಅಲ್ಲೇ ಮಗ್ಗ ರಿಪೇರಿ ಮಾಡುತ್ತಿದ್ದರು, ನಾದಿನಿ ಎದುರು ಸಾಲಿನಲ್ಲಿದ್ದರು. ಆ ಅಬ್ಬರದಲ್ಲಿ ಕೂಗಿದರೂ ಕೇಳುತ್ತಿರಲಿಲ್ಲ. “ತುಟಿ ಆಡಿಸಿದ್ರೆ ಸಾಕು, ಗೊತ್ತಾಗೋದು. ನಮ್ಮತ್ತೆ ಮೇಲಿನ ದೂರನ್ನೆಲ್ಲ ಹಾಗೇ ಹೇಳ್ಕೊಂಡಿದೀನಿ, ಅದೂ ಅವರ ಮಗಳ ಹತ್ರಾನೇ” ಎಂದು ನಗುತ್ತಾರೆ.

ಗಿರಣಿ ಮುಚ್ಚಿತು. ಗಂಡ ಮೂಲೆ ಹಿಡಿದು ಕೂತರು, ಆಕೆ ಮನೆಮನೆಯ ಪಾತ್ರೆ ತಿಕ್ಕಿದರು. ಹೀಗೇ ವರ್ಷಗಳು ಉರುಳಿ, ಒಂದು ದಿನ ಅಳತೆ ಪಟ್ಟಿ ಹಿಡಿದವರು ಬಂದರು. ಗಿರಣಿಯನ್ನು ಕಲಾಕೇಂದ್ರ ಮಾಡುತ್ತಾರಂತೆ, ಕಾರ್ಮಿಕರ ಸಾಲುಮನೆಗಳನ್ನು ಕೆಡವುತ್ತಾರಂತೆ ಎಂದು ಬೀದಿಯಲ್ಲಿ ಸುದ್ದಿ. “ಪಾತ್ರೆಪಗಡಿ ಎಲ್ಲಾ ಗೋಣಿಚೀಲಕ್ಕೆ ತುಂಬಿಟ್ಟಿದ್ದೆ. ಯಾವಾಗ ಏಳಿ ಅಂತಾರೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ವಿ.”

ಸಾಲುಮನೆಯ ಹೆಂಗಸರು ಗೇಟಿನ ಮುಂದೆ ಕೂತರು. ಮಾತುಕತೆ ಎಳೆದಾಡಿ, ಕೊನೆಗೆ ಮನೆಗಳು ಉಳಿದವು. ಕೇಂದ್ರದ ಕೆಲಸಕ್ಕೆ ಬೀದಿಯವರನ್ನೇ ಮೊದಲು ಕರೆಯುವುದೆಂದೂ ತೀರ್ಮಾನವಾಯಿತು. “ಅವತ್ತು ಚೀಲ ಬಿಚ್ಚಿ ಮೊದಲು ಟೀ ಪಾತ್ರೆ ಹೊರಗೆ ತೆಗೆದೆ. ಎಲ್ಲರಿಗೂ ಕಾಸಿ ಕೊಟ್ಟೆ.”

ಆಕೆಗೂ ನಾದಿನಿಗೂ ಸಿಕ್ಕಿದ್ದು ವೇದಿಕೆಯ ಎರಡು ಬದಿಯ ಕೆಲಸ. ಮೊದಲ ನಾಟಕದ ದಿನ, ನಟಿ ಮಾತಾಡುತ್ತಿರುವಾಗಲೇ ಅವಳ ಬೆನ್ನ ಹಿಂದಿನ ರಂಗಸಜ್ಜಿಕೆಯ ಮರದ ಗೋಡೆ ವಾಲತೊಡಗಿತು. ಕೂಗಿದರೆ ತುಂಬಿದ ಸಭೆ ಗಾಬರಿಯಾಗಿ ಬಾಗಿಲಿಗೆ ನುಗ್ಗುತ್ತಿತ್ತು. ಪರದೆಯಕ್ಕ ಎದುರು ಬದಿಗೆ ತುಟಿ ಆಡಿಸಿದರು: ‘ಗೋಡೆ ಬೀಳ್ತಿದೆ, ಹಿಂದಿಂದ ಹಿಡ್ಕೋ.’ ನಾದಿನಿ ಓಡಿ ಬಂದು ಹೆಗಲು ಕೊಟ್ಟರು, ಇವರು ಪರದೆ ಇಳಿಸಿದರು. ದೃಶ್ಯ ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. “ಆ ಹುಡುಗಿ ಬಂದು ತಬ್ಬಿಕೊಂಡ್ಳು. ಬಿಡಿಸ್ಕೊಂಡು ಮತ್ತೆ ಹಗ್ಗ ಹಿಡಿದೆ.”

ಗಂಡ ಮಾತ್ರ ಮೊನ್ನೆಮೊನ್ನೆಯವರೆಗೂ ಗೇಟು ದಾಟಿರಲಿಲ್ಲ. “ಮಗ್ಗ ಇಲ್ಲದ ಶೆಡ್ಡು ನನ್ನ ಕೈಲಿ ನೋಡೋಕಾಗಲ್ಲ ಕಣೇ” ಎನ್ನುತ್ತಿದ್ದರು. ಕಳೆದ ವಾರ ನಾದಿನಿಯೇ ಅಣ್ಣನ ಕೈಹಿಡಿದು ಕರೆತಂದರು. ಗಂಡ ಕೊನೆಯ ಸಾಲಿನಲ್ಲಿ ಕೂತು, ಸ್ವಲ್ಪ ಹೊತ್ತು ಮೇಲಿನ ತೊಲೆಗಳನ್ನೇ ನೋಡಿ, ಅರ್ಧ ನಾಟಕಕ್ಕೆ ಗೊರಕೆ ಹೊಡೆದರು. ನಾಟಕ ಮುಗಿದ ಮೇಲೆ ಪಕ್ಕದವರು ಎಬ್ಬಿಸಲು ಹೋದರೆ ಪರದೆಯಕ್ಕ ಬಿಡಲಿಲ್ಲ.

“ಇದೇ ಶೆಡ್ಡಲ್ಲಿ ರಾತ್ರಿ ಪಾಳಿಲಿ ಒಂದು ಗಳಿಗೆ ಕಣ್ಣು ಮುಚ್ಚಿದ್ರೂ ಸಂಬಳ ಹಿಡೀತಿದ್ರು. ಈಗ ಕೇಳೋರು ಯಾರಿದಾರೆ? ಮಲಗ್ಲಿ ಬಿಡಿ ಅಂದೆ.”